ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿಗೂ ಕಳ್ಳ ಬರುವನೇ?

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಗೋಗಿ ಎಂಬ ಊರಿದೆ. ಬಿಜಾಪುರವನ್ನು ಆಳಿದ ಆದಿಲ್‌ಶಾಹಿ ಮನೆತನದ ಮೊದಲ ಅರಸ ಯೂಸುಫ್ ಆದಿಲ್ ಶಾಹನ ಸಮಾಧಿ ಇರುವುದು ಇಲ್ಲಿಯೇ. ವಿಜ್ಞಾನಿಗಳಿಗೆ ಮಾತ್ರ ಈ ಊರು ಇನ್ನೊಂದು ಕಾರಣಕ್ಕೆ ಪರಿಚಿತ. ಇಲ್ಲಿಯ ನೆಲದಡಿಯ ಬಂಡೆಗಳಲ್ಲಿ ಯುರೇನಿಯಂ ಅದಿರು ಇದೆ ಎಂಬುದನ್ನು ಪರಮಾಣು ಖನಿಜ ನಿರ್ದೇಶನಾಲಯದ ಭೂವಿಜ್ಞಾನಿಗಳು ಪತ್ತೆಹಚ್ಚಿದ್ದಾರೆ.

ಗೋಗಿಯಲ್ಲಾಗಲಿ ನಿಮ್ಮ ಊರಿನಲ್ಲಾಗಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೇಜಿನ ಮೇಲೆ ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ ಅಪ್ಪನ ಅಂಗಡಿಯ ಲೆಕ್ಕ, ಅಕ್ಕನ ಮದುವೆಯ ಫೋಟೋ, ಹೊಲದ ಪಹಣಿಯ ನಕಲು ಎಲ್ಲ ಇವೆ. ಇಂಟರ್‌ನೆಟ್ ಸಂಪರ್ಕ ಇಲ್ಲ. ‘ತಂತಿಯೇ ಇಲ್ಲದ ಮೇಲೆ ಕಳ್ಳ ಎಲ್ಲಿಂದ ಬಂದಾನು?’ ಎಂದು ಮನೆಯವರು ನಿಶ್ಚಿಂತೆಯಿಂದ ಇದ್ದಾರೆ. ಇದು ಸರಿಯೇ?

ಈ ಪ್ರಶ್ನೆಗೆ ಉತ್ತರ ಹೇಳುವ ಜಗತ್ಪ್ರಸಿದ್ಧ ಘಟನೆಯೊಂದಿದೆ. ಅದು ನಡೆದದ್ದು ದೂರದ ಇರಾನ್ ದೇಶದಲ್ಲಿ. ಆದರೆ ಅದಕ್ಕೂ ಗೋಗಿಯ ನೆಲದಡಿ ಇರುವ ವಸ್ತುವಿಗೂ ನಂಟಿದೆ. ಆ ಕಥೆಯೂ ಯುರೇನಿಯಮ್ಮಿನದೇ!

ಹ್ಯಾಕ್ ಎಂದರೇನು?

ಒಡೆಯನ ಒಪ್ಪಿಗೆ ಇಲ್ಲದೆ ಕಂಪ್ಯೂಟರಿನೊಳಗೆ ನುಗ್ಗಿ ಮಾಹಿತಿ ಕದಿಯುವುದು, ಅಳಿಸುವುದು ಅಥವಾ ಕಂಪ್ಯೂಟರಿನಿಂದ ತನಗೆ ಬೇಕಾದ ಕೆಲಸ ಮಾಡಿಸಿಕೊಳ್ಳುವುದನ್ನು ಹ್ಯಾಕ್ ಮಾಡುವುದು ಎನ್ನುತ್ತೇವೆ. ಕಳ್ಳನು ಸಾಮಾನ್ಯವಾಗಿ ತಾನೇ ಬರುವುದಿಲ್ಲ. ತನ್ನ ಆಳನ್ನು ಕಳಿಸುತ್ತಾನೆ. ಆ ಆಳೇ ಕುತಂತ್ರಾಂಶ. ಎಂದರೆ ಕೆಡುಕು ಮಾಡಲೆಂದೇ ಬರೆದ ಪ್ರೋಗ್ರಾಂ. ಕಂಪ್ಯೂಟರ್ ವೈರಸ್ ಎಂಬುದು ಇದರ ಒಂದು ಬಗೆ. ನೆಗಡಿಯ ವೈರಸ್ಸಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಸಂಬಂಧ. ಇದು ಜೀವಿಯಲ್ಲ, ಬರೀ ಆದೇಶಗಳ ಸಾಲು.

ಇಂಟರ್‌ನೆಟ್ಟಿಗಾಗಲಿ ಬೇರೆ ಜಾಲಕ್ಕಾಗಲಿ ಜೋಡಿಸದೆ ಕಂಪ್ಯೂಟರನ್ನು ಒಂಟಿಯಾಗಿ ಇಡುವ ಪದ್ಧತಿಯನ್ನು ತಜ್ಞರು ‘ಏರ್ ಗ್ಯಾಪ್’ ಎಂದು ಕರೆಯುತ್ತಾರೆ. ಕಂಪ್ಯೂಟರಿಗೂ ಹೊರಜಗತ್ತಿಗೂ ನಡುವೆ ಬರೀ ಗಾಳಿ ಇದೆ ಎಂದು ಅರ್ಥ. ಮುಖ್ಯವಾದ ಕಾರ್ಖಾನೆಗಳಲ್ಲಿ, ಸೇನೆಯಲ್ಲಿ ಹೀಗೆ ಮಾಡುತ್ತಾರೆ.

ಆದರೆ ಯಾದಗಿರಿಯ ಬೆಟ್ಟದ ಮೇಲಿನ ಕೋಟೆಯನ್ನು ನೆನೆದುಕೊಳ್ಳಿ. ಗೋಡೆ ಎಷ್ಟೇ ದಪ್ಪವಿರಲಿ, ಒಳಗಿನವರಿಗೆ ಕಾಳುಕಡಿ ಹೊರಗಿನಿಂದಲೇ ಬರಬೇಕು. ಕಾಳಿನ ಚೀಲ ಬರುವ ಬಾಗಿಲಲ್ಲಿ ಚೀಲದೊಳಗೆ ಅಡಗಿ ಶತ್ರುವೂ ಬರಬಹುದು. ಕಂಪ್ಯೂಟರಿನ ಕಾಳಿನ ಚೀಲ ಯಾವುದು ಗೊತ್ತೇ? ಪೆನ್‌ಡ್ರೈವ್!

ನತಾಂಜ್‌ನಲ್ಲಿ ನಡೆದದ್ದು

ಅದಿರಿನಿಂದ ತೆಗೆದ ಯುರೇನಿಯಮ್ಮಿನಲ್ಲಿ ಎರಡು ಬಗೆಯ ಪರಮಾಣುಗಳು ಮುಖ್ಯವಾಗಿ ಇರುತ್ತವೆ. ಯುರೇನಿಯಂ-238 ಎಂಬುದು ಶೇಕಡ 99.3ರಷ್ಟು, ಯುರೇನಿಯಂ-235 ಎಂಬುದು ಶೇಕಡ 0.7ರಷ್ಟು. ಹಲವು ಬಗೆಯ ಪರಮಾಣು ಸ್ಥಾವರಗಳಿಗೆ 235ರ ಪಾಲು ಹೆಚ್ಚಿರುವ ಯುರೇನಿಯಂ ಬೇಕು. ಬಾಂಬಿಗೆ ಅದು ಇನ್ನೂ ಬಹಳ ಹೆಚ್ಚಿರಬೇಕು. ಎರಡರ ತೂಕದಲ್ಲಿ ಇರುವ ವ್ಯತ್ಯಾಸ ಅತಿ ಸಣ್ಣದು. ಆದ್ದರಿಂದ ಬೇರ್ಪಡಿಸುವುದು ಕಷ್ಟ.

ಇದಕ್ಕೆ ಸೆಂಟ್ರಿಫ್ಯೂಜ್ ಎಂಬ ಯಂತ್ರ ಬಳಸುತ್ತಾರೆ. ಜಾತ್ರೆಯಲ್ಲಿ ಗಿರಗಿರನೆ ತಿರುಗುವ ತೊಟ್ಟಿಲಲ್ಲಿ ಕುಳಿತಾಗ ಯಾರೋ ಹೊರಕ್ಕೆ ತಳ್ಳಿದಂತೆ ಆಗುತ್ತದಲ್ಲವೇ? ಹಾಗೆಯೇ ಯುರೇನಿಯಂ ಅನಿಲವನ್ನು ಉದ್ದನೆಯ ಕೊಳವೆಯಲ್ಲಿ ಹಾಕಿ ಅತಿ ವೇಗವಾಗಿ ತಿರುಗಿಸಿದರೆ ಭಾರದ ಕಣಗಳು ಹೊರಗೋಡೆಯ ಕಡೆಗೆ ಹೆಚ್ಚು ಸರಿಯುತ್ತವೆ, ಹಗುರವಾದವು ನಡುವೆ ಹೆಚ್ಚು ಉಳಿಯುತ್ತವೆ. ಇಂಥ ಸಾವಿರಾರು ಯಂತ್ರಗಳನ್ನು ಇರಾನಿನ ನತಾಂಜ್ ಎಂಬಲ್ಲಿ ನೆಲದಡಿಯ ಕೋಣೆಗಳಲ್ಲಿ ಇಡಲಾಗಿತ್ತು. ಅವುಗಳನ್ನು ನಡೆಸುವ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ ಸಂಪರ್ಕ ಇರಲಿಲ್ಲ.

2010ರ ಜೂನ್‌ನಲ್ಲಿ ಬೆಲಾರೂಸ್ ದೇಶದ ಒಂದು ಆ್ಯಂಟಿವೈರಸ್ ಕಂಪನಿಯವರಿಗೆ ವಿಚಿತ್ರವಾದ ಕುತಂತ್ರಾಂಶ ಸಿಕ್ಕಿತು. ಅದಕ್ಕೆ ‘ಸ್ಟಕ್ಸ್‌ನೆಟ್’ ಎಂಬ ಹೆಸರು ಬಂತು. ಪೆನ್‌ಡ್ರೈವ್ ಮೂಲಕ ಹರಡುವಂತೆ ಅದನ್ನು ಬರೆದಿದ್ದರು. ಪೆನ್‌ಡ್ರೈವ್ ಚುಚ್ಚಿ ಅದರಲ್ಲಿ ಏನಿದೆ ಎಂದು ತೆರೆದು ನೋಡಿದರೂ ಸಾಕು, ವಿಂಡೋಸ್ ತಂತ್ರಾಂಶದಲ್ಲಿದ್ದ ಒಂದು ದೋಷವನ್ನು ಬಳಸಿ ಅದು ಒಳಗೆ ಸೇರಿಕೊಳ್ಳುತ್ತಿತ್ತು. ಯಾವ ಕಡತವನ್ನೂ ಒತ್ತಬೇಕಾಗಿರಲಿಲ್ಲ!

ಒಳಗೆ ಹೋದದ್ದು ಏನು ಮಾಡಿತು? ನಮ್ಮ ಮನೆಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಸೆಂಟ್ರಿಫ್ಯೂಜ್ ಮೋಟಾರುಗಳಿಗೆ 1,064 ಹರ್ಟ್ಸ್ ವಿದ್ಯುತ್ತು ಹೋಗುತ್ತಿತ್ತು. ಸ್ಟಕ್ಸ್‌ನೆಟ್ ಅದನ್ನು ಗುಟ್ಟಾಗಿ 1,410ಕ್ಕೆ ಏರಿಸಿತು. ಇನ್ನೊಮ್ಮೆ ಬರೀ 2ಕ್ಕೆ ಇಳಿಸಿತು. ಓಡುವ ಬಸ್ಸಿನ ಚಾಲಕ ಒಮ್ಮೆ ಜೋರಾಗಿ ಓಡಿಸಿ ಒಮ್ಮೆ ಗಕ್ಕನೆ ಬ್ರೇಕ್ ಹಾಕಿದರೆ ಬಸ್ಸು ಏನಾದೀತು? ಆ ಯಂತ್ರಗಳಿಗೂ ಹಾಗೆಯೇ ಆಯಿತು. ಇಷ್ಟೆಲ್ಲ ನಡೆಯುವಾಗ ಕಾವಲು ಕುಳಿತವರ ಪರದೆಯಲ್ಲಿ ‘ಎಲ್ಲ ಸರಿಯಾಗಿದೆ’ ಎಂದು ಹಳೆಯ ಅಂಕಿಗಳೇ ಕಾಣುತ್ತಿದ್ದವು. ಸುಮಾರು 1,000 ಯಂತ್ರಗಳು ಹಾಳಾಗಿರಬಹುದು ಎಂದು ತಜ್ಞರು ಅಂದಾಜು ಮಾಡಿದ್ದಾರೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಪೆನ್‌ಡ್ರೈವ್‌ಗಳಿಗೆ ಗಡಿ ಇಲ್ಲವಲ್ಲ! 2010ರ ಸೆಪ್ಟೆಂಬರ್ ಹೊತ್ತಿಗೆ ಜಗತ್ತಿನ ಸುಮಾರು ಒಂದು ಲಕ್ಷ ಕಂಪ್ಯೂಟರ್‌ಗಳಲ್ಲಿ ಸ್ಟಕ್ಸ್‌ನೆಟ್ ಇದೆ ಎಂದು ಸಿಮ್ಯಾಂಟೆಕ್ ಕಂಪನಿ ಲೆಕ್ಕ ಹಾಕಿತು. ಅತಿ ಹೆಚ್ಚು ಇರಾನಿನಲ್ಲಿ, ನಂತರ ಇಂಡೊನೇಷ್ಯದಲ್ಲಿ. ಮೂರನೆಯ ಸ್ಥಾನ ನಮ್ಮ ಭಾರತದ್ದು! ಆದರೆ ಅದು ಹುಡುಕುತ್ತಿದ್ದುದು ಸೀಮೆನ್ಸ್ ಕಂಪನಿಯ ಒಂದು ಬಗೆಯ ನಿಯಂತ್ರಣ ಸಾಧನವನ್ನು ಮಾತ್ರ. ಅದಿಲ್ಲದ ಕಂಪ್ಯೂಟರ್‌ಗಳಲ್ಲಿ ಸುಮ್ಮನೆ ಕುಳಿತಿತ್ತು.

ಇಂಟರ್‌ನೆಟ್ಟಿಗಿಂತ ಮೊದಲೂ ವೈರಸ್ ಇತ್ತು

ಇದು ಹೊಸ ವಿದ್ಯೆಯೇನಲ್ಲ. 1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ‘ಬ್ರೈನ್’ ಎಂಬ ವೈರಸ್ ಬರೆದರು. ಆಗ ಮನೆಮನೆಗೆ ಇಂಟರ್‌ನೆಟ್ ಎಲ್ಲಿತ್ತು? ತೆಳುವಾದ ಫ್ಲಾಪಿ ತಟ್ಟೆಗಳ ಮೇಲೆ ಕುಳಿತು, ಕೈಯಿಂದ ಕೈಗೆ ದಾಟಿ, ಅದು ದೇಶದೇಶಗಳನ್ನು ಸುತ್ತಿತು. ಫ್ಲಾಪಿ ಹೋಯಿತು, ಸಿ.ಡಿ. ಬಂತು, ಆಮೇಲೆ ಪೆನ್‌ಡ್ರೈವ್ ಬಂತು. ಬಂಡಿ ಬದಲಾಯಿತು, ಪ್ರಯಾಣಿಕ ಅವನೇ.

ನಮ್ಮ ಊರಿನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಅಣ್ಣ ಅರ್ಜಿಯೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಝೆರಾಕ್ಸ್ ಅಂಗಡಿಗೆ ಹೋಗುತ್ತಾನೆ. ಅಲ್ಲಿಯ ಕಂಪ್ಯೂಟರಿಗೆ ದಿನಕ್ಕೆ ಎಷ್ಟೋ ಜನ ತಮ್ಮ ಪೆನ್‌ಡ್ರೈವ್ ಚುಚ್ಚಿರುತ್ತಾರೆ. ಅವುಗಳಲ್ಲಿ ಒಂದರಲ್ಲಿ ವೈರಸ್ ಇದ್ದರೂ ಅದು ಅಂಗಡಿಯ ಕಂಪ್ಯೂಟರಿಗೆ, ಅಲ್ಲಿಂದ ಅಣ್ಣನ ಪೆನ್‌ಡ್ರೈವಿಗೆ, ಅಲ್ಲಿಂದ ಮನೆಯ ಕಂಪ್ಯೂಟರಿಗೆ ದಾಟಬಹುದು. ಪೆನ್‌ಡ್ರೈವ್ ತೆರೆದಾಗ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕಾಣುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಇದೇ ಬಗೆಯ ವೈರಸ್ಸಿನ ಕೆಲಸ. ಶಾರ್ಟ್‌ಕಟ್ ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಏಳುತ್ತದೆ.

ಒಳಗೆ ಬಂದದ್ದು ಹೊರಗೆ ಹೇಗೆ ಹೋಗುತ್ತದೆ?

ಕೆಡಿಸಲು ಒಳಗೆ ಬಂದರೆ ಸಾಕು. ಕದಿಯಬೇಕಾದರೆ ಕದ್ದದ್ದನ್ನು ಹೊರಗೆ ಸಾಗಿಸಬೇಕು. ಜಾಲವೇ ಇಲ್ಲದಿದ್ದರೆ ಹೇಗೆ?

ಒಂದು ದಾರಿ ಮತ್ತೆ ಪೆನ್‌ಡ್ರೈವೇ. 2008ರಲ್ಲಿ ರೂಪುಗೊಂಡ ‘ಫ್ಯಾನಿ’ ಎಂಬ ಕುತಂತ್ರಾಂಶ ಪೆನ್‌ಡ್ರೈವಿನಲ್ಲಿ ಕಣ್ಣಿಗೆ ಕಾಣದ ಜಾಗವೊಂದನ್ನು ಮಾಡಿಕೊಳ್ಳುತ್ತಿತ್ತು. ಒಂಟಿ ಕಂಪ್ಯೂಟರಿನ ಮಾಹಿತಿಯನ್ನು ಅಲ್ಲಿ ಬಚ್ಚಿಟ್ಟು, ಅದೇ ಪೆನ್‌ಡ್ರೈವನ್ನು ಇಂಟರ್‌ನೆಟ್ ಇರುವ ಕಂಪ್ಯೂಟರಿಗೆ ಚುಚ್ಚಿದಾಗ ಕಳಿಸಿಬಿಡುತ್ತಿತ್ತು. ಪೆನ್‌ಡ್ರೈವ್ ಒಡೆಯನೇ ಅರಿಯದೆ ಕಳ್ಳನ ಅಂಚೆಯವನಾದ!

ಇನ್ನೊಂದು ದಾರಿ ಸೋಜಿಗದ್ದು. ಕಂಪ್ಯೂಟರ್ ಕೆಲಸ ಮಾಡುವಾಗ ಅದರ ತಂತಿಗಳಲ್ಲಿ ವಿದ್ಯುತ್ತು ಏರಿಳಿಯುತ್ತದೆ. ಆಗ ಸ್ವಲ್ಪ ರೇಡಿಯೊ ಅಲೆ ಹೊರಸೂಸುತ್ತದೆ. ಪರದೆಯಿಂದ ಸೋರುವ ಅಲೆಗಳನ್ನು ಹಿಡಿದು ದೂರದಿಂದಲೇ ಪರದೆಯ ಮೇಲಿನದನ್ನು ನೋಡಬಹುದು ಎಂದು ನೆದರ್‌ಲೆಂಡ್ಸ್‌ನ ವಿಮ್ ವ್ಯಾನ್ ಎಕ್ 1985ರಲ್ಲಿಯೇ ತೋರಿಸಿದರು. 2014ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರ್ ಪರದೆಯ ಕೇಬಲ್ಲಿನಿಂದ ಎಫ್.ಎಂ. ಅಲೆ ಹೊರಡಿಸಿ, ಕೆಲವು ಮೀಟರ್ ದೂರದ ಮೊಬೈಲಿನ ಎಫ್.ಎಂ. ರೇಡಿಯೊದಿಂದ ಅದನ್ನು ಹಿಡಿದರು. ಮುಂದೆ ಫ್ಯಾನಿನ ಸದ್ದು, ಕಂಪ್ಯೂಟರಿನ ಬಿಸಿ, ಮಿನುಗುವ ಸಣ್ಣ ದೀಪ ಇವುಗಳ ಮೂಲಕವೂ ಸಂದೇಶ ಕಳಿಸಿ ತೋರಿಸಿದರು.

ಹೆದರಬೇಡಿ, ಒಂದು ಲೆಕ್ಕ ಮಾಡೋಣ. ಎಫ್.ಎಂ. ಪ್ರಯೋಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 60 ಬೈಟ್ ಸಾಗುತ್ತಿತ್ತು. ಅಕ್ಕನ ಮದುವೆಯ ಒಂದು ಫೋಟೋ 20 ಲಕ್ಷ ಬೈಟ್ ಇದೆ ಎನ್ನಿ. 20 ಲಕ್ಷವನ್ನು 60ರಿಂದ ಭಾಗಿಸಿದರೆ ಸುಮಾರು 33,333 ಸೆಕೆಂಡು. ಎಂದರೆ ಒಂದು ಫೋಟೋಗೆ ಒಂಬತ್ತು ಗಂಟೆಗೂ ಹೆಚ್ಚು! ಅಷ್ಟು ಹೊತ್ತು ಕಳ್ಳ ನಿಮ್ಮ ಗೋಡೆಯ ಪಕ್ಕದಲ್ಲೇ ಇರಬೇಕು. ಜೊತೆಗೆ, ಬೆನ್ ಗುರಿಯನ್ ಪ್ರಯೋಗಗಳಲ್ಲಿ ಕುತಂತ್ರಾಂಶ ಮೊದಲೇ ಕಂಪ್ಯೂಟರಿನೊಳಗೆ ಇರಲೇಬೇಕು. ಆದ್ದರಿಂದ ಮನೆಯ ಕಂಪ್ಯೂಟರಿಗೆ ಇಂಥ ಅಪಾಯ ಇಲ್ಲವೆಂದೇ ಹೇಳಬಹುದು. ಗುಟ್ಟಿನ ಚಿಕ್ಕ ಮಾಹಿತಿ, ಉದಾಹರಣೆಗೆ ಒಂದು ಪಾಸ್‌ವರ್ಡ್, ಇರುವ ಕಡೆ ಮಾತ್ರ ಇದು ಚಿಂತೆಯ ವಿಷಯ.

ಮಾಡಿ ನೋಡಿ

ಬ್ಯಾಟರಿಯ ರೇಡಿಯೊ ಒಂದನ್ನು ತೆಗೆದುಕೊಳ್ಳಿ. ಮೀಡಿಯಂ ವೇವ್‌ನಲ್ಲಿ ಯಾವ ನಿಲ್ದಾಣವೂ ಬಾರದ ಕಡೆ ಮುಳ್ಳನ್ನು ನಿಲ್ಲಿಸಿ. ರೇಡಿಯೊವನ್ನು ನಡೆಯುತ್ತಿರುವ ಕಂಪ್ಯೂಟರಿನ ಹತ್ತಿರ ತನ್ನಿ. ಗುಂಯ್‌ಗುಡುವ ಸದ್ದು ಕೇಳುತ್ತದೆಯೇ? ಈಗ ಗೆಳೆಯನಿಗೆ ಒಂದು ಚಿತ್ರವನ್ನೋ ಆಟವನ್ನೋ ತೆರೆಯಲು ಹೇಳಿ. ಸದ್ದು ಬದಲಾಯಿತೇ? ನೀವು ಕೇಳುತ್ತಿರುವುದು ಕಂಪ್ಯೂಟರಿನಿಂದ ಸೋರುವ ರೇಡಿಯೊ ಅಲೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ.

ಒಂಟಿತನದ ಲಾಭ, ನಷ್ಟ

ಹಾಗಾದರೆ ತಂತಿ ಕಿತ್ತು ಇಡುವುದು ದಂಡವೇ? ಖಂಡಿತ ಅಲ್ಲ. 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಪರಮಾಣು ವಿದ್ಯುತ್ ಸ್ಥಾವರದ ವಿಷಯದಲ್ಲಿ ಇಂಥದೇ ಸುದ್ದಿ ಬಂತು. ನಮ್ಮ ಕೈಗಾ ಸ್ಥಾವರವನ್ನೂ ನಡೆಸುವ ಭಾರತೀಯ ಪರಮಾಣು ವಿದ್ಯುತ್ ನಿಗಮವು, ಆಡಳಿತದ ಕೆಲಸಕ್ಕೆಂದು ಇಂಟರ್‌ನೆಟ್ಟಿಗೆ ಜೋಡಿಸಿದ್ದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಇದ್ದುದನ್ನು ಒಪ್ಪಿಕೊಂಡಿತು. ಸ್ಥಾವರದ ಮುಖ್ಯವಾದ ಒಳಜಾಲವು ಇದರಿಂದ ಬೇರೆಯಾಗಿದೆ, ಅದಕ್ಕೆ ಏನೂ ಆಗಿಲ್ಲ ಎಂದೂ ತಿಳಿಸಿತು. ನಡುವೆ ಬಿಟ್ಟ ಅಂತರದ ಬೆಲೆ ಇದರಿಂದ ತಿಳಿಯುತ್ತದೆ. ದೂರದಲ್ಲಿ ಕುಳಿತು ಬಾಗಿಲು ತಟ್ಟುವ ಕಳ್ಳರನ್ನು ಅದು ತಡೆಯುತ್ತದೆ.

ಆದರೆ ಒಂದು ನಷ್ಟವೂ ಇದೆ. ಜಾಲದಲ್ಲಿರುವ ಕಂಪ್ಯೂಟರಿಗೆ ದೋಷ ತಿದ್ದುವ ಹೊಸ ತಂತ್ರಾಂಶ, ಹೊಸ ವೈರಸ್‌ಗಳ ಪಟ್ಟಿ ತಾವಾಗಿಯೇ ಬರುತ್ತವೆ. ಒಂಟಿ ಕಂಪ್ಯೂಟರಿಗೆ ಬರುವುದಿಲ್ಲ. ಲಸಿಕೆ ಹಾಕಿಸದ ಮಗುವಿನಂತೆ ಅದು. ಮನೆಯಲ್ಲೇ ಇರುವವರೆಗೆ ಚೆನ್ನಾಗಿರುತ್ತದೆ. ರೋಗವೇ ಮನೆಗೆ ಬಂದರೆ ಬೇಗ ಮಲಗುತ್ತದೆ.

ಇನ್ನೊಂದು ಮಾತು. ಚಾರ್ಜ್ ಮಾಡಲೆಂದು ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸುತ್ತೀರಾ? ಮೊಬೈಲಿನ ಇಂಟರ್‌ನೆಟ್ಟನ್ನು ಹಂಚಿಕೊಳ್ಳುವ ಗುಂಡಿ ಒತ್ತಿದರೆ ಕಂಪ್ಯೂಟರ್ ಆ ಕ್ಷಣವೇ ಜಾಲಕ್ಕೆ ಸೇರುತ್ತದೆ. ಲ್ಯಾಪ್‌ಟಾಪ್ ಆದರೆ ವೈ-ಫೈ, ಬ್ಲೂಟೂತ್ ಕೂಡ ಇರುತ್ತವೆ. ತಂತಿ ಕಾಣುವುದಿಲ್ಲ ಎಂದ ಮಾತ್ರಕ್ಕೆ ಸಂಪರ್ಕ ಇಲ್ಲ ಎನ್ನಲಾಗದು.

ನಾವೇನು ಮಾಡಬೇಕು?

* ಹೊರಗಿನ ಕೆಲಸಕ್ಕೆ ಬೇರೆ ಪೆನ್‌ಡ್ರೈವ್ ಇಡಿ. ಪ್ರಿಂಟ್ ಬೇಕಾದ ಕಡತವನ್ನು ಮಾತ್ರ ಅದರಲ್ಲಿ ಒಯ್ಯಿರಿ.
* ಹೊರಗಿನಿಂದ ತಂದದ್ದನ್ನು ತೆರೆಯುವ ಮೊದಲು ಆ್ಯಂಟಿವೈರಸ್‌ನಿಂದ ಪರೀಕ್ಷಿಸಿ. ಅದರ ಹೊಸ ಪಟ್ಟಿಯನ್ನು ಆಗಾಗ ಹಾಕಿಸಿ.
* ದಾರಿಯಲ್ಲಿ ಬಿದ್ದು ಸಿಕ್ಕ ಪೆನ್‌ಡ್ರೈವನ್ನು ಎಂದೂ ಚುಚ್ಚಬೇಡಿ.
* ಫೋಟೋದಂತೆ, ಫೋಲ್ಡರಿನಂತೆ ಕಂಡರೂ ಹೆಸರಿನ ಕೊನೆಯಲ್ಲಿ ‘ಡಾಟ್ ಇ.ಎಕ್ಸ್.ಇ.’ ಎಂದಿದ್ದರೆ ಅದು ಪ್ರೋಗ್ರಾಂ. ಎಲ್ಲಿಂದ ಬಂತೆಂದು ಗೊತ್ತಿಲ್ಲದಿದ್ದರೆ ಒತ್ತಬೇಡಿ.
* ಕಂಪ್ಯೂಟರಿಗೆ ಪಾಸ್‌ವರ್ಡ್ ಇಡಿ. ಎದುರಿಗೆ ಬಂದು ಕೂರುವವರೂ ಹ್ಯಾಕ್ ಮಾಡಬಲ್ಲರು.
* ಲೆಕ್ಕ, ಫೋಟೋಗಳ ಇನ್ನೊಂದು ನಕಲನ್ನು ಕಂಪ್ಯೂಟರಿಗೆ ಜೋಡಿಸದೆ ಬೇರೆ ಕಡೆ ಇಡಿ. ಕಳ್ಳ ಬಂದರೂ, ಕಂಪ್ಯೂಟರ್ ಕೆಟ್ಟರೂ ಅವು ಉಳಿಯುತ್ತವೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ನೀವೇ ಹೇಳಬಲ್ಲಿರಿ. ಇಂಟರ್‌ನೆಟ್ ಇಲ್ಲದ ಕಂಪ್ಯೂಟರನ್ನೂ ಹ್ಯಾಕ್ ಮಾಡಬಹುದು. ಆದರೆ ಅದು ತಾನಾಗಿ ಬರಲಾರದು, ಯಾರೋ ಒಬ್ಬರು ಹೊತ್ತು ತರಬೇಕು. ಬಹಳ ಸಲ ಹೊತ್ತು ತರುವವರು ಕಳ್ಳರಲ್ಲ, ಏನೂ ತಿಳಿಯದ ನಾವೇ. ನತಾಂಜ್‌ನ ನೆಲಮಾಳಿಗೆಗೂ ಗೋಗಿಯ ಮನೆಯ ಮೇಜಿಗೂ ಈ ಮಾತು ಒಂದೇ.

ನಿಮ್ಮ ಶಾಲೆಯ ಕಂಪ್ಯೂಟರಿನ ಹಿಂದೆ, ಮುಂದೆ, ಬದಿಯಲ್ಲಿ ಮಾಹಿತಿ ಒಳಬರುವ ಬಾಗಿಲುಗಳು ಎಷ್ಟಿವೆ? ಈ ವಾರ ಅವುಗಳಲ್ಲಿ ಯಾವ ಯಾವ ಪೆನ್‌ಡ್ರೈವ್, ಮೊಬೈಲ್ ಜೋಡಿಸಿದ್ದರು? ಎಣಿಸಿ, ಪಟ್ಟಿ ಮಾಡಿ, ನಿಮ್ಮ ಶಿಕ್ಷಕರಿಗೆ ತೋರಿಸಿ.