ಗೂಗಲ್‌ನಲ್ಲಿ ಮೊದಲ ಸ್ಥಾನ: ನಂಬಿಕೆ ಎಷ್ಟು, ನಿಜ ಎಷ್ಟು?

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬೈಪಾಸ್ ಆದ ಮೇಲೆ ಬಹುಪಾಲು ಕಾರುಗಳು ಚನ್ನಪಟ್ಟಣದ ಪೇಟೆಗೆ ಬರದೆ ಹೊರಗಿಂದ ಹೊರಗೇ ಹೋಗಿಬಿಡುತ್ತವೆ. ಹಳೆ ರಸ್ತೆ ಬದಿಯ ಬೊಂಬೆ ಅಂಗಡಿಗಳು ನಂಬಿಕೊಂಡಿದ್ದದ್ದು ದಾರಿಹೋಕ ಗಿರಾಕಿಗಳನ್ನೇ. ಈಗ ಆ ಗಿರಾಕಿ ಬರಬೇಕಾದರೆ ಅವರ ಫೋನಿನಲ್ಲಿ ಅಂಗಡಿಯ ಹೆಸರು ಕಾಣಿಸಬೇಕು. ಅದಕ್ಕೆಂದು ಸಾಲಸೋಲ ಮಾಡಿ ವೆಬ್‌ಸೈಟ್ ಮಾಡಿಸಿದವರನ್ನು ‘ಎಸ್‌ಇಒ ಪ್ಯಾಕೇಜ್’ (ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಸೇವೆ) ಮಾರುವವರು ಬಿಡದೆ ಬೆನ್ನು ಹತ್ತುತ್ತಾರೆ. ಕಷ್ಟದಲ್ಲಿರುವ ವ್ಯಾಪಾರಿಯ ದುಡ್ಡು ತಪ್ಪು ತಿಳಿವಳಿಕೆಯಿಂದ ಪೋಲಾಗುವುದು ನೋಡಲಾಗದ ಸಂಗತಿ. ಇಲ್ಲಿ ಉದಾಹರಣೆಗೆ ಬೊಂಬೆ ಅಂಗಡಿ ಇದೆ; ಇಳಕಲ್ ಸೀರೆ ಮಾರುವವರಿಗೂ ಮಲೆನಾಡಿನ ಹೋಂಸ್ಟೇ ನಡೆಸುವವರಿಗೂ ಇದೇ ಮಾತು.

ತಪ್ಪು ಕಲ್ಪನೆ: ದುಡ್ಡು ಕೊಟ್ಟರೆ ಮೊದಲ ಸ್ಥಾನ ಗ್ಯಾರಂಟಿ

ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು. ಇದನ್ನು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಸ್ಪಷ್ಟವಾಗಿ ಹೇಳಿದೆ. ದುಡ್ಡು ಕೊಟ್ಟರೆ ಸಿಗುವುದು ಜಾಹೀರಾತು. ಅದರ ಮೇಲೆ ‘ಪ್ರಾಯೋಜಿತ’ ಎಂಬ ಪಟ್ಟಿ ಇರುತ್ತದೆ. ಜಾಹೀರಾತು ಕೊಟ್ಟವರ ಸೈಟನ್ನು ಉಳಿದ ಫಲಿತಾಂಶಗಳಲ್ಲಿ ಮೇಲಕ್ಕೆ ತರುವ ಪದ್ಧತಿ ಇಲ್ಲ.

ಹಾಗಾದರೆ ‘ನೋಡಿ, ನಿಮ್ಮ ಸೈಟು ಮೊದಲು ಬಂತು’ ಎಂದು ಹೇಗೆ ತೋರಿಸುತ್ತಾರೆ? ನಿಮ್ಮ ಅಂಗಡಿಯ ಪೂರ್ತಿ ಹೆಸರನ್ನೇ ಹಾಕಿ ಹುಡುಕಿ ತೋರಿಸುತ್ತಾರೆ. ಆ ಹೆಸರಿನ ಅಂಗಡಿ ಬೇರೆ ಇಲ್ಲದಿದ್ದರೆ ಏನೂ ಮಾಡದೆಯೂ ನೀವೇ ಮೊದಲು ಬರುತ್ತೀರಿ. ನಿಮ್ಮ ಹೆಸರು ಗೊತ್ತಿಲ್ಲದವರು ‘ಒಂದು ವರ್ಷದ ಮಗುವಿಗೆ ಮರದ ಆಟಿಕೆ’ ಎಂದು ಹುಡುಕಿದಾಗ ಎಲ್ಲಿದ್ದೀರಿ ಎನ್ನುವುದೇ ನಿಜವಾದ ಪರೀಕ್ಷೆ. ನಿಮ್ಮ ಸೈಟನ್ನು ನೀವು ಮೇಲಿಂದ ಮೇಲೆ ತೆರೆಯುವ ಫೋನಿನಲ್ಲಿ ಇದನ್ನು ಪರೀಕ್ಷಿಸಬೇಡಿ, ಅಲ್ಲಿ ಅದು ಸುಮ್ಮನೆ ಮೇಲೆ ಕಾಣಬಹುದು.

ತಪ್ಪು ಕಲ್ಪನೆ: ಕೀವರ್ಡ್ ತುಂಬಿದಷ್ಟೂ ಒಳ್ಳೆಯದು

ಪುಟದ ಹಿಂಬದಿಯ ಕೋಡಿನಲ್ಲಿ ಜನ ಹುಡುಕುವ ಪದಗಳ, ಅಂದರೆ ಕೀವರ್ಡ್‌ಗಳ ಪಟ್ಟಿ ಇಡುವ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತ್ತು. ಇಂದಿಗೂ ಅದರ ಹೆಸರಿನಲ್ಲಿ ಬಿಲ್ ಆಗುತ್ತಿದೆ. ಒಂದೇ ಪದವನ್ನು ಪುಟದ ತುಂಬ ತುರುಕುವುದು, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಅಡಗಿಸುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ.

ಅದರ ಬದಲು ಕೌಂಟರಿನಲ್ಲಿ ನಿಂತ ಗಿರಾಕಿ ಏನು ಕೇಳುತ್ತಾರೆಂದು ನೆನಪಿಸಿಕೊಳ್ಳಿ. ಇದು ಯಾವ ಮರ? ಮಗು ಬಾಯಿಗೆ ಹಾಕಿಕೊಂಡರೆ ಬಣ್ಣ ಬಿಡುತ್ತದೆಯೇ? ಎಷ್ಟು ಉದ್ದ? ಹುಬ್ಬಳ್ಳಿಗೆ ಕಳಿಸುತ್ತೀರಾ, ಎಷ್ಟು ದಿನವಾಗುತ್ತದೆ? ಹಾಲೆ ಮರದ ತುಂಡನ್ನು ಹೇಗೆ ಕಡೆಯುತ್ತಾರೆ, ತಿರುಗುವ ಮರಕ್ಕೆ ಅರಗಿನ ಬಣ್ಣ ಹೇಗೆ ಹಿಡಿಯುತ್ತದೆ ಎನ್ನುವುದು ನಿಮಗೆ ಅಂಗೈ ನೆಲ್ಲಿಕಾಯಿ. ಅಷ್ಟನ್ನು ನಿಮ್ಮದೇ ಮಾತಿನಲ್ಲಿ, ಪ್ರತಿ ಬೊಂಬೆಯ ಪುಟದಲ್ಲೂ ಬರೆಯಿರಿ. ಪುಟದ ಶೀರ್ಷಿಕೆ ‘ಹೋಮ್’ ಎಂದಿದ್ದರೆ ‘ಚನ್ನಪಟ್ಟಣದ ಮರದ ಬೊಂಬೆಗಳು’ ಎಂದು ಬದಲಿಸಿ. ಎಷ್ಟೋ ಪ್ಯಾಕೇಜ್‌ಗಳಿಗಿಂತ ಈ ಕೆಲಸ ಹೆಚ್ಚು ಫಲ ಕೊಡುತ್ತದೆ. ಇಷ್ಟೇ ಪದಗಳಿರಬೇಕು ಎಂಬ ಲೆಕ್ಕವೂ ಇಲ್ಲ.

ತಪ್ಪು ಕಲ್ಪನೆ: ಕನ್ನಡದಲ್ಲಿ ಬರೆದರೆ ಗೂಗಲ್‌ಗೆ ತಿಳಿಯದು

ಈ ತಪ್ಪು ಕಲ್ಪನೆಯಿಂದ ಆಗುತ್ತಿರುವ ನಷ್ಟ ದೊಡ್ಡದು. ಗೂಗಲ್ ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ, ಆದರೆ ಅಕ್ಷರ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತ ಪದ್ಧತಿಯಲ್ಲಿರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನುಡಿಯ ಹಳೆಯ ಫಾಂಟಿನ ‘ನ’ ಕಂಪ್ಯೂಟರಿಗೆ ಪೌಂಡ್ ಗುರುತು. ಅಂಥ ಪುಟದಲ್ಲಿ ‘ಬೊಂಬೆ’ ಎಂಬ ಪದವೇ ಇಲ್ಲದಂತೆ.

ಇನ್ನು ಕೆಲವರು ಡಿಟಿಪಿ ಅಂಗಡಿಯಲ್ಲಿ ಚೆಂದದ ಪೋಸ್ಟರ್ ಮಾಡಿಸಿ, ಆ ಚಿತ್ರವನ್ನೇ ಪುಟಕ್ಕೆ ಅಂಟಿಸುತ್ತಾರೆ. ವಿಳಾಸ, ಬೆಲೆ, ಸಮಯ ಎಲ್ಲವೂ ಚಿತ್ರದೊಳಗೇ ಸೇರಿಹೋಗುತ್ತವೆ. ಚಿತ್ರದೊಳಗಿನ ಬರಹವನ್ನು ನೆಚ್ಚಿಕೊಳ್ಳುವಂತಿಲ್ಲ.

ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲನ್ನು ಬೆರಳಿನಿಂದ ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಸರಿ. ವಿಚಿತ್ರ ಗುರುತುಗಳು ಬಂದರೆ ಹಳೆ ಫಾಂಟು. ಕಾಪಿಯೇ ಆಗದಿದ್ದರೆ ಬಹುಶಃ ಅದು ಚಿತ್ರ. ಎರಡಕ್ಕೂ ಪರಿಹಾರ, ಯೂನಿಕೋಡ್‌ನಲ್ಲಿ ಮತ್ತೆ ಬರೆಸುವುದು. ಕನ್ನಡ ಪುಟವನ್ನೂ ಇಂಗ್ಲಿಷ್ ಪುಟವನ್ನೂ ಬೇರೆ ಬೇರೆಯಾಗಿ ಇಡಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ.

ತಪ್ಪು ಕಲ್ಪನೆ: ಸಾವಿರ ಲಿಂಕ್ ಕೊಂಡರೆ ಸಾಕು

ಬೇರೆ ಸೈಟುಗಳು ಕೊಡುವ ಲಿಂಕನ್ನು ಮತದಂತೆ ಎಣಿಸುವ ‘ಪೇಜ್‌ರ‍್ಯಾಂಕ್’ ಪದ್ಧತಿಯನ್ನು ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ರೂಪಿಸಿದರು. 1998ರಲ್ಲಿ ಗೂಗಲ್ ಕಂಪನಿ ಹುಟ್ಟಿದ್ದು ಅದರ ಮೇಲೆಯೇ. ಮತ ಕೊಳ್ಳುವವರೂ ಹುಟ್ಟಿಕೊಂಡರು. 2012ರ ಏಪ್ರಿಲ್‌ನಲ್ಲಿ ಗೂಗಲ್ ತಂದ ‘ಪೆಂಗ್ವಿನ್’ ಬದಲಾವಣೆ ಅಂಥವರನ್ನೇ ಗುರಿಮಾಡಿತು. ನಿಮ್ಮ ಕುಶಲಕರ್ಮಿಗಳ ಬಗ್ಗೆ ಪತ್ರಿಕೆಯೊಂದು ಬರೆದು ಕೊಟ್ಟ ಒಂದು ಲಿಂಕು, ಕೊಂಡ ಸಾವಿರಕ್ಕಿಂತ ಮೇಲು.

ತಪ್ಪು ಕಲ್ಪನೆ: ವೆಬ್‌ಸೈಟ್ ಇದ್ದ ಮೇಲೆ ಮ್ಯಾಪ್ ಯಾಕೆ?

ಹತ್ತಿರದ ಅಂಗಡಿ ಹುಡುಕುವವರಿಗೆ ಮೊದಲು ಕಾಣುವುದು ಸಾಮಾನ್ಯವಾಗಿ ಮ್ಯಾಪ್. ಅಲ್ಲಿ ಮುಖ್ಯವಾಗಿ ನೋಡುವುದು ಮೂರು: ಕೇಳಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಹೊಂದಿಕೆ, ದೂರ, ನಿಮಗಿರುವ ಹೆಸರು. ದೂರ ನಿಮ್ಮ ಕೈಲಿಲ್ಲ, ಉಳಿದೆರಡಕ್ಕೆ ಶ್ರಮ ಹಾಕಬಹುದು. ಅಂಗಡಿಯನ್ನು ಮ್ಯಾಪ್‌ನಲ್ಲಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ಫೀಸ್ ಕಟ್ಟದಿದ್ದರೆ ಅಂಗಡಿ ಮ್ಯಾಪಿಂದ ಹೋಗುತ್ತೆ’ ಎನ್ನುವ ಕರೆ ಮೋಸದ್ದು. ತಕ್ಷಣ ಫೋನ್ ಇಡಿ.

ಪ್ರೊಫೈಲ್‌ನಲ್ಲಿ ಬೋರ್ಡಿನ ಮೇಲಿರುವ ಹೆಸರನ್ನೇ ಹಾಕಿ. ಹೆಸರಿಗೆ ‘ಬೆಸ್ಟ್ ಟಾಯ್ ಶಾಪ್’ ಅಂಟಿಸಬೇಡಿ. ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದೂ ನಿಷಿದ್ಧ. ಗಿರಾಕಿಯನ್ನು ಪ್ರಾಮಾಣಿಕವಾಗಿ ಕೇಳುವುದಕ್ಕೆ ಅಡ್ಡಿಯಿಲ್ಲ. ಬೈದು ಬರೆದವರಿಗೂ ಸಮಾಧಾನದಿಂದ ಉತ್ತರ ಕೊಡಿ, ಅದನ್ನು ಮುಂದಿನ ಗಿರಾಕಿ ಓದುತ್ತಾರೆ.

ತಪ್ಪು ಕಲ್ಪನೆ: ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡರೆ ಆಯಿತು

ಗೂಗಲ್ ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೈಟಿನ ಮೊಬೈಲ್ ರೂಪವನ್ನು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಅದು ಇಟ್ಟಿರುವ ಗುರಿ. ಹಾಗಾಗಿ ಕ್ಯಾಮೆರಾದ ಫೋಟೋವನ್ನು ಹಾಗೇ ಏರಿಸದೆ ಕುಗ್ಗಿಸಿ ಹಾಕಿ.

ತಪ್ಪು ಕಲ್ಪನೆ: ಎಐ ನೂರು ಲೇಖನ ಬರೆದುಕೊಟ್ಟರೆ ಕೆಲಸ ಸಲೀಸು

ಎಐ ಬಳಸುವುದೇ ತಪ್ಪೆಂದು ಗೂಗಲ್ ಹೇಳಿಲ್ಲ. ಆದರೆ ಓದುಗರಿಗೆ ಪ್ರಯೋಜನವಿಲ್ಲದ ಪುಟಗಳನ್ನು ರಾಶಿ ರಾಶಿಯಾಗಿ ಹಾಕುವುದನ್ನು 2024ರ ಮಾರ್ಚ್‌ನಿಂದ ಸ್ಪ್ಯಾಮ್ ಎಂದೇ ಪರಿಗಣಿಸುತ್ತಿದೆ, ಬರೆದವರು ಯಾರೇ ಇರಲಿ.

ತಪ್ಪು ಕಲ್ಪನೆ: ಒಂದು ತಿಂಗಳಲ್ಲಿ ಫಲ ಸಿಗಬೇಕು

ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಅಲ್ಲಿಯವರೆಗೆ ಗೂಗಲ್‌ನ ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸಾಧನದಲ್ಲಿ ಜನ ಯಾವ ಪದ ಹುಡುಕಿ ನಿಮ್ಮ ಪುಟಕ್ಕೆ ಬಂದರೆಂದು ತಿಂಗಳಿಗೊಮ್ಮೆ ನೋಡುತ್ತಿರಿ. ಮುಂದೆ ಏನು ಬರೆಯಬೇಕೆಂಬುದು ಅಲ್ಲೇ ಹೊಳೆಯುತ್ತದೆ.

ಬಲ್ಲವರೊಬ್ಬರ ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಡೊಮೈನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟನ್ನು ಇಡುವ ಜಾಗ), ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಈ ನಾಲ್ಕೂ ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರಿನಲ್ಲಿರಲಿ. ಏಜೆನ್ಸಿಯ ಹೆಸರಿನಲ್ಲಿದ್ದರೆ ಇವತ್ತೇ ಕೇಳಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.