ಜಾಝ್ ಸಭೆಯಲ್ಲಿ ಕರ್ನಾಟಕ ಕಂಠ

ವಾಡಿ ಜಂಕ್ಷನ್ನಿನ ರೈಲುಸದ್ದು ಅಡಗಿದ ರಾತ್ರಿ, ಶಹಾಬಾದಿನ ಹಾಸುಗಲ್ಲಿನ ಕಟ್ಟೆಯ ಮೇಲೆ ಕುಳಿತು, ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಆಲಿಸಿದವರಿಗೆ, ಬೆಂಗಳೂರಿನ ವಿದುಷಿ ಆರ್. ಎ. ರಮಾಮಣಿಯವರ ಕಂಠಮಾಧುರ್ಯವು ತಾನಾಗಿಯೇ ವಿದಿತವಾಗುವುದು. ಪತಿ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಲಯವೃಂದದ ನಡುವೆ, ತಂಬೂರಿಯ ಶ್ರುತಿಯ ಮೇಲೆ ಅವರ ಗಮಕವು ತೂಗುತ್ತಿರಲು, ನಾಗಸ್ವರವನ್ನೂ ಶ್ರದ್ಧೆಯಿಂದ ಕಲಿತ ಅಮೆರಿಕದ ಚಾರ್ಲಿ ಮರಿಯಾನೋ ಸ್ಯಾಕ್ಸೊಫೋನಿನಲ್ಲಿ ಸ್ಪಂದಿಸುವರು. ರಾಗಭಾವವನ್ನು ಕಿಂಚಿತ್ತೂ ಬಿಟ್ಟುಕೊಡದೆ ಜಾಝ್ ವೇದಿಕೆಯನ್ನೇರಿದ ಈ ಧೀರ ಗಾಯನ ನನಗೆ ಅತ್ಯಂತ ಪ್ರಿಯವಾದುದು. ಸೇಡಂ, ಚಿತ್ತಾಪುರ, ಚಿಂಚೋಳಿಯ ಕೇಳುಗರೇ, ದೀಪವಾರಿಸಿ ಕೇಳಿರಿ: ಮೊದಲು ಕಂಠ, ಆಮೇಲೆ ಘಟ.