ಕವಲಿನಲ್ಲಿ ನಿಂತ ಸಮೇರಿಯಂ

1952ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಪಾಲ್ ಮೆರಿಲ್ ಕೆಲವು ಕೆಂಪು ನಕ್ಷತ್ರಗಳ ರೋಹಿತದಲ್ಲಿ ಟೆಕ್ನೀಷಿಯಂ ಗೆರೆಗಳನ್ನು ಕಂಡರು. ಈ ಧಾತುವಿನ ಯಾವ ಐಸೊಟೋಪೂ ಸ್ಥಿರವಲ್ಲ. ನಕ್ಷತ್ರ ಹುಟ್ಟುವಾಗ ಇದ್ದದ್ದು ಎಂದೋ ಮುಗಿದುಹೋಗಿರಬೇಕು. ಹಾಗಿದ್ದರೆ ಈಗ ಕಾಣುತ್ತಿರುವುದು ಆ ನಕ್ಷತ್ರದ ಒಡಲಲ್ಲೇ ತಯಾರಾದದ್ದು.

ಕಬ್ಬಿಣಕ್ಕಿಂತ ಭಾರದ ಧಾತುಗಳಲ್ಲಿ ಸುಮಾರು ಅರ್ಧ ಹುಟ್ಟುವುದು ಇಂಥಲ್ಲೇ. ನ್ಯೂಕ್ಲಿಯಸ್ ಒಂದೊಂದೇ ನ್ಯೂಟ್ರಾನ್ ನುಂಗುತ್ತದೆ. ಅಸ್ಥಿರವಾದರೆ ಬೀಟಾ ಕ್ಷಯ ಹೊಂದಿ ಮುಂದಿನ ಧಾತುವಾಗುತ್ತದೆ. ಎರಡು ಸಲ ನುಂಗುವುದರ ನಡುವೆ ವರ್ಷಗಳೇ ಕಳೆಯಬಹುದು. ಸ್ವಾರಸ್ಯ ಇರುವುದು ಕ್ಷಯಕ್ಕೂ ನುಂಗುವಿಕೆಗೂ ಸರಿಸಮ ಪೈಪೋಟಿ ಬೀಳುವ ಕವಲುಗಳಲ್ಲಿ.

ಸಮೇರಿಯಂ-151 ಅಂಥದೊಂದು ಕವಲು. ಭೂಮಿಯ ಮೇಲೆ ಅದರ ಅರ್ಧಾಯು ನೂರು ವರ್ಷಕ್ಕೆ ತುಸು ಕಡಿಮೆ. ನಕ್ಷತ್ರದ ಕಾವಿನಲ್ಲಿ ಕೆಲವೇ ವರ್ಷ. ಕ್ಷಯಿಸಿದರೆ ಯುರೋಪಿಯಂ ಮೂಲಕ ಗ್ಯಾಡೊಲಿನಿಯಂ-152ರ ದಾರಿ ತೆರೆಯುತ್ತದೆ, ನ್ಯೂಟ್ರಾನ್ ನುಂಗಿದರೆ ಆ ದಾರಿ ತಪ್ಪುತ್ತದೆ. ಆದ್ದರಿಂದ ಇಂದು ಉಳಿದಿರುವ ಗ್ಯಾಡೊಲಿನಿಯಂನ ಪಾಲು ಆ ಒಡಲಿನ ತಾಪಮಾನ ಹೇಳಬಲ್ಲ ಉಷ್ಣಮಾಪಕ. ಆದರೆ ಸಮೇರಿಯಂ ಎಷ್ಟು ಆಸೆಯಿಂದ ನ್ಯೂಟ್ರಾನ್ ಹಿಡಿಯುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಜಿನೀವಾ ಬಳಿಯ ಸರ್ನ್‌ನ ಎನ್-ಟಾಫ್ ಕೇಂದ್ರ ಇದನ್ನು ಅಳೆಯಿತು. ಪ್ರೋಟಾನ್ ಕಿರಣ ಸೀಸದ ದಿಮ್ಮಿಗೆ ಬಡಿದಾಗ ಚಿಮ್ಮುವ ನ್ಯೂಟ್ರಾನ್‌ಗಳು ಸುಮಾರು 185 ಮೀಟರ್ ಕೊಳವೆಯಲ್ಲಿ ಓಡಿಬರುತ್ತವೆ. ಬೇಗ ಬಂದದ್ದಕ್ಕೆ ಶಕ್ತಿ ಹೆಚ್ಚು, ತಡವಾಗಿ ಬಂದದ್ದಕ್ಕೆ ಕಡಿಮೆ. ಎದುರಿಗಿಟ್ಟ ಸಮೇರಿಯಂ ಸುಮಾರು 200 ಮಿಲಿಗ್ರಾಂ, ಅದೂ ವಿಕಿರಣ ಸೂಸುವಂಥದ್ದು. 2004ರಲ್ಲಿ ಪ್ರಕಟವಾದ ಫಲಿತಾಂಶ, ನಕ್ಷತ್ರದೊಳಗಿನ 30 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಮಟ್ಟದಲ್ಲಿ, 3.1 ಬಾರ್ನ್ (ನ್ಯೂಟ್ರಾನ್ ಹಿಡಿಯುವ ಸಾಧ್ಯತೆಯನ್ನು ಅಳೆಯುವ ಮಾನ), ಹಿಂದಿನ ಸೈದ್ಧಾಂತಿಕ ಅಂದಾಜುಗಳಿಗಿಂತ ಜಾಸ್ತಿ.

ಅಂದಾಜು ಎಷ್ಟು ಕೈಕೊಡಬಹುದೆಂದು ನೋಡಬೇಕಾದರೆ ಜಿರ್ಕೋನಿಯಂ-88 ಇದೆ. ಅರ್ಧಾಯು 83 ದಿನ. ನಿಧಾನಗತಿಯ ನ್ಯೂಟ್ರಾನ್‌ಗೆ ಸುಮಾರು 10 ಬಾರ್ನ್ ಇರಬಹುದೆಂದು ಊಹಿಸಿದ್ದರು. ಮಿಸೌರಿ ವಿಶ್ವವಿದ್ಯಾಲಯದ ರಿಯಾಕ್ಟರ್‌ನಲ್ಲಿಟ್ಟು ಅಳೆದಾಗ ಸಿಕ್ಕಿದ್ದು 8,61,000! 2019ರಲ್ಲಿ ‘ನೇಚರ್’ ಅದನ್ನು ಪ್ರಕಟಿಸಿತು. ಕ್ಸೆನಾನ್-135 ಬಿಟ್ಟರೆ ಅಷ್ಟು ದೊಡ್ಡದು ಬೇರೆ ಗೊತ್ತಿರಲಿಲ್ಲ. ನಕ್ಷತ್ರದ ನ್ಯೂಟ್ರಾನ್‌ಗಳು ಇದಕ್ಕಿಂತ ಬಹಳ ವೇಗದವು, ಹಾಗಾಗಿ ಈ ಸಂಖ್ಯೆಯನ್ನು ನೇರವಾಗಿ ಆಕಾಶಕ್ಕೆ ಹೊತ್ತೊಯ್ಯುವಂತಿಲ್ಲ. ಆದರೂ ಅಳೆಯದೆ ನಂಬುವ ಧೈರ್ಯ ನನಗಂತೂ ಉಳಿದಿಲ್ಲ.

ನ್ಯೂಟ್ರಾನ್ ತಾರೆಗಳ ಡಿಕ್ಕಿಯಂಥಲ್ಲಿ ಕ್ಷಣಾರ್ಧದಲ್ಲಿ ಹುಟ್ಟಿ ಅಳಿಯುವ ನ್ಯೂಕ್ಲಿಯಸ್‌ಗಳ ಸಂಗತಿ ಇನ್ನೂ ಕಷ್ಟ. ಅವುಗಳ ಒಂದು ಚೂರನ್ನೂ ಗುರಿಯಾಗಿಡಲಾಗದು. ಬಿಡಿ ನ್ಯೂಟ್ರಾನನ್ನೇ ಗುರಿಯಾಗಿಡೋಣವೆಂದರೆ ಅದರ ಅರ್ಧಾಯುವೂ ಹತ್ತು ನಿಮಿಷ. ಅದಕ್ಕೇ ಈಗ ಅಡ್ಡದಾರಿ: ಅಸ್ಥಿರ ನ್ಯೂಕ್ಲಿಯಸ್‌ಗಳನ್ನೇ ಕಿರಣವಾಗಿಸಿ ಡ್ಯುಟೀರಿಯಂಗೆ ಹಾಯಿಸುತ್ತಾರೆ, ಅದರ ನ್ಯೂಟ್ರಾನನ್ನು ಕಿತ್ತುಕೊಂಡಾಗ ಉಳಿದು ಹಾರುವ ಪ್ರೋಟಾನನ್ನೂ ಗಾಮಾ ಕಿರಣಗಳನ್ನೂ ಹಿಡಿದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಮತ್ತೆ ಸಿದ್ಧಾಂತದ ಪಾಲೂ ಇದೆ.